ಮುಳ್ಳನ್ನು ನಂಬಿದ ಪೈಲಟ್: ಜಿಮ್ಮಿ ಡೂಲಿಟಲ್

ಡಾ. ಎ.ಪಿ.ಜೆ. ಅಬ್ದುಲ್ ಕಲಾಂ ಸಾಹೇಬರ ಕಥೆ ನಮಗೆಲ್ಲ ಬಾಯಿಪಾಠ. ವಾಯುಪಡೆಯ ಪೈಲಟ್ ಆಗುವ ಆಸೆಯಿಂದ ಅವರು ಡೆಹ್ರಾಡೂನ್‌ನಲ್ಲಿ ಆಯ್ಕೆ ಮಂಡಳಿಯ ಮುಂದೆ ಹೋದರು. ಬೇಕಾಗಿದ್ದವರು ಎಂಟು ಜನ, ಇವರು ಒಂಬತ್ತನೆಯವರು. ವಿಮಾನ ಕೈತಪ್ಪಿತು, ರಾಕೆಟ್ ಕೈಗೆ ಬಂತು. ಅವರ ಬಗ್ಗೆ ನಮ್ಮ ಈ ಪತ್ರಿಕೆಯಲ್ಲಿ ಬರೆದವರು ಬಹಳ ಮಂದಿ ಇದ್ದಾರೆ. ಆದ್ದರಿಂದ ನಾನು ಈ ಸಲ ಯಂತ್ರಗಳ ಲೋಕಕ್ಕೆ ಇನ್ನೊಂದು ದಾರಿಯಿಂದ ಬಂದ ಒಬ್ಬರನ್ನು ಆರಿಸಿಕೊಂಡೆ. ಇವರಿಗೆ ಸೇನೆಯ ವಿಮಾನ ಸಿಕ್ಕಿತ್ತು, ದೇಶವೆಲ್ಲ ಹೆಸರೂ ಸಿಕ್ಕಿತ್ತು. ಆ ಹೆಸರು ಬಂದ ಮೇಲೆ ಪ್ರಯೋಗಾಲಯಕ್ಕೆ ಹೋಗಿ, ಪೈಲಟ್‌ನ ಮೈ ಹೇಳುವುದನ್ನು ನಂಬಬಾರದು, ಯಂತ್ರ ಹೇಳುವುದನ್ನು ನಂಬಬೇಕು ಎಂದು ತೋರಿಸಿಕೊಟ್ಟರು.

ಅವರು ಅಮೆರಿಕದ ಜೇಮ್ಸ್ ಹೆರಾಲ್ಡ್ ಡೂಲಿಟಲ್. ಎಲ್ಲರ ಬಾಯಲ್ಲಿ ಜಿಮ್ಮಿ ಡೂಲಿಟಲ್. ಪರ್ಲ್ ಹಾರ್ಬರ್ ಸಿನಿಮಾ ನೋಡಿದವರಿಗೆ ಟೋಕಿಯೊ ಮೇಲೆ ಬಾಂಬ್ ಹಾಕಲು ಹೋದ ಅಧಿಕಾರಿಯಾಗಿ ಅವರ ಹೆಸರು ನೆನಪಿರಬಹುದು. ಆದರೆ ಅದಕ್ಕಿಂತ 13 ವರ್ಷ ಮೊದಲು ಅವರು 15 ನಿಮಿಷಗಳಲ್ಲಿ ಮಾಡಿದ ಒಂದು ಕೆಲಸ ಇವತ್ತು ಆಕಾಶದಲ್ಲಿರುವ ಪ್ರತಿಯೊಂದು ವಿಮಾನಕ್ಕೂ ಸಂಬಂಧಪಟ್ಟಿದೆ. ನಾನು ಹೇಳಬೇಕೆಂದಿರುವುದು ಮುಖ್ಯವಾಗಿ ಆ 15 ನಿಮಿಷಗಳ ಕಥೆ.

ಪುಟ್ಟ ಹುಡುಗ, ದೊಡ್ಡ ಜಗಳ

ಡೂಲಿಟಲ್ ಹುಟ್ಟಿದ್ದು 1896ರ ಡಿಸೆಂಬರ್ 14ರಂದು, ಕ್ಯಾಲಿಫೋರ್ನಿಯಾದ ಅಲಮೀಡಾದಲ್ಲಿ. ತಂದೆ ಬಡಗಿ. ಅಲಾಸ್ಕಾದಲ್ಲಿ ಚಿನ್ನ ಸಿಗುತ್ತದೆ ಎಂಬ ಸುದ್ದಿ ಕೇಳಿ ಅಲ್ಲಿಗೆ ಹೋದರು. 1900ರಲ್ಲಿ ತಾಯಿ ಮಗನನ್ನು ಕರೆದುಕೊಂಡು ನೋಮ್ ಎಂಬ ಊರು ಸೇರಿದರು. ಸಮುದ್ರವೇ ಹೆಪ್ಪುಗಟ್ಟುವ ಊರು ಅದು. ಚಿನ್ನ ಹುಡುಕಲು ಬಂದ ಒರಟು ಜನರ ನಡುವೆ ಹುಡುಗ ಬೆಳೆದ. ಶಾಲೆಯಲ್ಲಿ ಎಲ್ಲರಿಗಿಂತ ಗಿಡ್ಡ. ಅದಕ್ಕಾಗಿ ಕೆಣಕಿದವರ ಜೊತೆಗೆಲ್ಲ ಹೊಡೆದಾಡಿದ. ಮುಂದೆ ಲಾಸ್ ಏಂಜಲೀಸ್‌ಗೆ ಬಂದ ಮೇಲೆ ಆ ಹೊಡೆದಾಟವೇ ಬಾಕ್ಸಿಂಗ್ ಆಯಿತು.

1910ರ ಜನವರಿಯಲ್ಲಿ ಲಾಸ್ ಏಂಜಲೀಸ್ ಹತ್ತಿರ ವಿಮಾನಗಳ ದೊಡ್ಡ ಪ್ರದರ್ಶನ ನಡೆಯಿತು. 13 ವರ್ಷದ ಜಿಮ್ಮಿ ಮೊದಲ ಬಾರಿಗೆ ವಿಮಾನ ನೋಡಿದ. ನಂತರ ಪತ್ರಿಕೆಯೊಂದರಲ್ಲಿ ಬಂದ ನಕ್ಷೆ ನೋಡಿ ಮರದ ಪಟ್ಟಿ, ಬಟ್ಟೆಗಳಿಂದ ಗ್ಲೈಡರ್ ಕಟ್ಟಿ, ಎತ್ತರದ ದಿಬ್ಬದಿಂದ ಹಾರಿದ. ಗ್ಲೈಡರ್ ಮುರಿಯಿತು. ಆಸೆ ಮುರಿಯಲಿಲ್ಲ.

ಬರ್ಕ್ಲಿಯಲ್ಲಿ ಗಣಿ ಎಂಜಿನಿಯರಿಂಗ್ ಓದುತ್ತಿದ್ದಾಗ ಅಮೆರಿಕ ಮೊದಲನೇ ಮಹಾಯುದ್ಧಕ್ಕೆ ಇಳಿಯಿತು. 1917ರ ಅಕ್ಟೋಬರ್‌ನಲ್ಲಿ ಅವರು ಓದು ಬಿಟ್ಟು ಸೇನೆಯ ವಿಮಾನ ವಿಭಾಗ ಸೇರಿದರು. ಅದೇ ಡಿಸೆಂಬರ್ 24ರಂದು ಜೋಸೆಫೀನ್ ಡ್ಯಾನಿಯಲ್ಸ್ ಅವರನ್ನು ಮದುವೆಯಾದರು. ಆಕೆಯನ್ನು ಎಲ್ಲರೂ ಜೋ ಎಂದು ಕರೆಯುತ್ತಿದ್ದರು.

ವಿಮಾನ ಕಲಿಯುವ ಮೊದಲ ದಿನವೇ ಪರೀಕ್ಷೆ. ಸ್ಯಾನ್ ಡಿಯಾಗೊ ಬಳಿಯ ಮೈದಾನದಲ್ಲಿ ಅವರು ಸೀಟಿನಲ್ಲಿ ಕುಳಿತು ಕಾಯುತ್ತಿದ್ದಾಗ ಹತ್ತಿರದಲ್ಲೇ ಎರಡು ವಿಮಾನಗಳು ಡಿಕ್ಕಿ ಹೊಡೆದು ಬಿದ್ದವು. ಒಬ್ಬ ಸತ್ತ. ಗುರು ಮತ್ತು ಶಿಷ್ಯ ಇಬ್ಬರೂ ಓಡಿಹೋಗಿ ಗಾಯಗೊಂಡವರಿಗೆ ಸಹಾಯ ಮಾಡಿದರು. ಆಮೇಲೆ ಗುರು ಏನೂ ಆಗಿಲ್ಲವೆಂಬಂತೆ ಶಿಷ್ಯನನ್ನು ಹತ್ತಿಸಿಕೊಂಡು ಮೇಲೇರಿದರು. ಆ ದಿನದಿಂದಲೇ ಹಾರಾಟ ಅವರಿಗೆ ಹುಚ್ಚಾಯಿತು.

ಕೆಚ್ಚೆದೆಯ ದಿನಗಳು

ಯುದ್ಧ ಮುಗಿಯುವವರೆಗೂ ಡೂಲಿಟಲ್ ಅವರನ್ನು ಫ್ರಾನ್ಸ್‌ಗೆ ಕಳಿಸಲೇ ಇಲ್ಲ. ಬೇರೆಯವರಿಗೆ ಕಲಿಸಲು ಇಟ್ಟುಕೊಂಡರು. ಅವರು ಸಿಟ್ಟನ್ನೆಲ್ಲ ಸಾಹಸದಲ್ಲಿ ತೀರಿಸಿಕೊಂಡರು. ಹಾರುವ ವಿಮಾನದ ರೆಕ್ಕೆಯ ಮೇಲೆ ನಡೆದರು. ಒಮ್ಮೆ ಬಾಜಿ ಕಟ್ಟಿ, ವಿಮಾನ ನೆಲಕ್ಕಿಳಿಯುವಾಗ ಚಕ್ರಗಳ ನಡುವಿನ ಅಡ್ಡಕಂಬಿಯ ಮೇಲೆ ಕುಳಿತರು. ಬಾಜಿ ಗೆದ್ದರು, ಮೇಲಧಿಕಾರಿಯಿಂದ ಶಿಕ್ಷೆಯನ್ನೂ ಪಡೆದರು.

1922ರ ಸೆಪ್ಟೆಂಬರ್ 4ರಂದು ಅವರು ಅಮೆರಿಕದ ಪೂರ್ವ ಕರಾವಳಿಯ ಫ್ಲಾರಿಡಾದಿಂದ ಪಶ್ಚಿಮದ ಸ್ಯಾನ್ ಡಿಯಾಗೊವರೆಗೆ 21 ಗಂಟೆ 19 ನಿಮಿಷಗಳಲ್ಲಿ ಹಾರಿದರು. ದೂರ ಸುಮಾರು 3,480 ಕಿಲೋಮೀಟರ್. ಇಂಧನಕ್ಕಾಗಿ ಟೆಕ್ಸಸ್‌ನಲ್ಲಿ ಒಮ್ಮೆ ಮಾತ್ರ ಇಳಿದರು. ಒಂದು ದಿನದೊಳಗೆ ಅಮೆರಿಕವನ್ನು ದಾಟಿದ ಮೊದಲ ಪೈಲಟ್ ಎಂದು ಪತ್ರಿಕೆಗಳು ಹೊಗಳಿದವು.

ಆದರೆ ಆ ರಾತ್ರಿ ಇನ್ನೊಂದು ಸಂಗತಿ ನಡೆದಿತ್ತು. ದಾರಿಯಲ್ಲಿ ಗುಡುಗು ಮಳೆ ಸಿಕ್ಕಿತು. ಕತ್ತಲಿನಲ್ಲಿ ನೆಲ ಯಾವುದು, ಆಕಾಶ ಯಾವುದು ಎಂದು ತಿಳಿಯದ ಹೊತ್ತು ಬಂತು. ಅವರ ವಿಮಾನದಲ್ಲಿ ಆಗಷ್ಟೇ ಬಂದಿದ್ದ ಒಂದು ಪುಟ್ಟ ಉಪಕರಣ ಇತ್ತು. ವಿಮಾನ ಎಡಕ್ಕೆ ತಿರುಗುತ್ತಿದೆಯೋ ಬಲಕ್ಕೋ ಎಂದು ಅದರ ಮುಳ್ಳು ತೋರಿಸುತ್ತಿತ್ತು. ಆ ಮುಳ್ಳು ಇಲ್ಲದಿದ್ದರೆ ಆ ರಾತ್ರಿ ದಾಟುತ್ತಿರಲಿಲ್ಲವೆಂದು ಅವರಿಗೆ ಗೊತ್ತಾಯಿತು. ಜನ ಅವರ ಧೈರ್ಯವನ್ನು ಹೊಗಳುತ್ತಿದ್ದಾಗ ಅವರು ಆ ಮುಳ್ಳಿನ ಬಗ್ಗೆ ಯೋಚಿಸುತ್ತಿದ್ದರು.

ಪೈಲಟ್ ಮತ್ತೆ ವಿದ್ಯಾರ್ಥಿಯಾದ

1923ರಲ್ಲಿ ಸೇನೆಯ ಅನುಮತಿ ಪಡೆದು ಡೂಲಿಟಲ್ ಎಂಐಟಿಗೆ ಸೇರಿದರು. ವಯಸ್ಸು 26, ಮನೆಯಲ್ಲಿ ಇಬ್ಬರು ಚಿಕ್ಕ ಗಂಡುಮಕ್ಕಳು. ಕಾಲೇಜು ಬಿಟ್ಟು ಆರು ವರ್ಷ ವಿಮಾನ ಓಡಿಸಿದವರಿಗೆ ಮತ್ತೆ ಕ್ಯಾಲ್ಕುಲಸ್ ಮುಂದೆ ಕೂರುವುದು ಸುಲಭವಲ್ಲ. ಹೆಂಡತಿ ಜೋ ಅವರ ಟಿಪ್ಪಣಿಗಳನ್ನು ಟೈಪ್ ಮಾಡಿಕೊಟ್ಟು ನೆರವಾದರು. 1924ರಲ್ಲಿ ಸ್ನಾತಕೋತ್ತರ ಪದವಿ, 1925ರಲ್ಲಿ ಡಾಕ್ಟರೇಟ್ ಬಂತು. ವಿಮಾನ ವಿಜ್ಞಾನದಲ್ಲಿ ಅಮೆರಿಕ ಕೊಟ್ಟ ಮೊಟ್ಟಮೊದಲ ಡಾಕ್ಟರೇಟ್‌ಗಳಲ್ಲಿ ಅದೂ ಒಂದು.

ಮೊದಲ ಸಂಶೋಧನೆಗಾಗಿ ಅವರು ಡೇಟನ್‌ನ ಸೇನಾ ಮೈದಾನದಲ್ಲಿ ಒಂದು ಫೈಟರ್ ವಿಮಾನವನ್ನು ಮೇಲಿನಿಂದ ಕೆಳಗೆ ಧುಮುಕಿಸಿ, ಒಮ್ಮೆಗೇ ಮೇಲೆಳೆದು, ರೆಕ್ಕೆ ಎಷ್ಟು ಭಾರ ತಡೆಯುತ್ತದೆ ಎಂದು ಅಳೆದರು. ವಿಮಾನದ ತೂಕದ ಸುಮಾರು ಎಂಟು ಪಟ್ಟು ಬಲ ಬಿದ್ದು ರೆಕ್ಕೆ ಬಿರುಕುಬಿಡುವವರೆಗೂ ಹೋದರು. ಅದೇ ಹಳೆಯ ಕೆಚ್ಚು. ಆದರೆ ಈಗ ಪಕ್ಕದಲ್ಲಿ ಅಳೆಯುವ ಯಂತ್ರ ಇತ್ತು, ಬಾಜಿ ಇರಲಿಲ್ಲ.

ಡಾಕ್ಟರೇಟ್‌ಗೆ ತೆಗೆದುಕೊಂಡ ಪ್ರಶ್ನೆ ನನಗೆ ತುಂಬಾ ಹಿಡಿಸಿತು. ನೆಲ ಕಾಣದಿದ್ದರೂ ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಎಂದು ತಮ್ಮ ಮೈಗೆ ತಿಳಿಯುತ್ತದೆ ಎಂದು ಆ ಕಾಲದ ಅನೇಕ ಪೈಲಟ್‌ಗಳು ನಂಬಿದ್ದರು. ಡೂಲಿಟಲ್ ಅದನ್ನು ಹಾರಿ, ಅಳೆದು, ಲೆಕ್ಕ ಹಾಕಿ ನೋಡಿದರು. ನೆಲ ಕಾಣುವಾಗ ಕಣ್ಣು ತಿಳಿದುಕೊಳ್ಳುವುದನ್ನೇ ಮೈ ತಿಳಿದುಕೊಂಡಿತೆಂದು ಪೈಲಟ್ ಭಾವಿಸುತ್ತಿದ್ದ. ನೆಲ ಮರೆಯಾದರೆ ಮೈಗೆ ಗಾಳಿಯ ದಿಕ್ಕು ಏನೂ ಗೊತ್ತಾಗುವುದಿಲ್ಲ. ಅವರ ಜೊತೆಗಾರರಿಗೆ ಇದು ಹಿತವಾದ ಮಾತಾಗಿರಲಿಲ್ಲ. ತಾನು ಯಾವುದಕ್ಕೆ ಹೆಸರಾಗಿದ್ದಾನೋ ಅದನ್ನೇ ಅನುಮಾನಿಸುವ ಪೈಲಟ್ ಆಗ ಬಹಳ ಅಪರೂಪ.

ಸಾಹಸ ನಿಂತಿರಲಿಲ್ಲ. 1925ರ ಅಕ್ಟೋಬರ್‌ನಲ್ಲಿ ಬಾಲ್ಟಿಮೋರ್‌ನಲ್ಲಿ ಷ್ನೈಡರ್ ಟ್ರೋಫಿ ಗೆದ್ದರು. 1926ರಲ್ಲಿ ಚಿಲಿ ದೇಶದಲ್ಲಿ ಕಿಟಕಿಯ ಅಂಚಿನಿಂದ ಬಿದ್ದು ಎರಡೂ ಕಾಲಿನ ಹರಡು ಮುರಿದುಕೊಂಡರು. ಪ್ಲಾಸ್ಟರ್ ಹಾಕಿದ ಕಾಲಿನಲ್ಲೇ ವಿಮಾನ ಹಾರಿಸಿದರು. 1927ರಲ್ಲಿ, ಪೈಲಟ್‌ನ ತಲೆ ವೃತ್ತದ ಹೊರಗೆ ಇರುವಂತೆ ಆಕಾಶದಲ್ಲಿ ಸುತ್ತುಹಾಕುವ ಔಟ್‌ಸೈಡ್ ಲೂಪ್ ಅನ್ನು ಮೊದಲ ಬಾರಿಗೆ ಮಾಡಿ ತೋರಿಸಿದರು.

ಮೈ ಏಕೆ ಸುಳ್ಳು ಹೇಳುತ್ತದೆ?

ಇಲ್ಲಿ ಸ್ವಲ್ಪ ವಿಜ್ಞಾನ ಹೇಳಬೇಕು. ನಾನು ಕಾಮರ್ಸ್ ವಿದ್ಯಾರ್ಥಿ, ಎಸ್ಸೆಸ್ಸೆಲ್ಸಿಯ ನಂತರ ಜೀವಶಾಸ್ತ್ರ ಓದಿಲ್ಲ. ಆದರೂ ಇದು ಎಲ್ಲರಿಗೂ ಅರ್ಥವಾಗುವ ವಿಷಯ.

ನಮ್ಮ ಒಳಕಿವಿಯಲ್ಲಿ ಅರ್ಧವೃತ್ತದ ಆಕಾರದ ಮೂರು ನಾಳಗಳಿವೆ. ಅವುಗಳಲ್ಲಿ ದ್ರವ ಇದೆ. ತಲೆ ತಿರುಗಿದಾಗ ದ್ರವ ಹಿಂದೆ ಉಳಿಯುತ್ತದೆ, ಆಗ ನಾವು ತಿರುಗುತ್ತಿದ್ದೇವೆ ಎಂದು ಮೆದುಳಿಗೆ ಸುದ್ದಿ ಹೋಗುತ್ತದೆ. ಒಂದೇ ವೇಗದಲ್ಲಿ ತಿರುಗುತ್ತಲೇ ಇದ್ದರೆ ಸ್ವಲ್ಪ ಹೊತ್ತಿನಲ್ಲಿ ದ್ರವವೂ ಜೊತೆಗೇ ತಿರುಗಲು ಶುರುಮಾಡುತ್ತದೆ, ಸುದ್ದಿ ನಿಂತುಹೋಗುತ್ತದೆ. ನಾವು ತಿರುಗುತ್ತಿದ್ದರೂ ನೆಟ್ಟಗೆ ಹೋಗುತ್ತಿದ್ದೇವೆ ಅನ್ನಿಸುತ್ತದೆ. ಚಿಕ್ಕವರಿದ್ದಾಗ ಕಣ್ಣು ಮುಚ್ಚಿಕೊಂಡು ಗಿರಗಿರನೆ ತಿರುಗಿ ಥಟ್ಟನೆ ನಿಲ್ಲುವ ಆಟ ಎಲ್ಲರೂ ಆಡಿದ್ದೇವೆ. ನಿಂತ ಮೇಲೂ ಉಲ್ಟಾ ತಿರುಗಿದಂತೆ ಆಗುತ್ತದಲ್ಲ, ಕಾರಣ ಇದೇ.

ಮೋಡದೊಳಗೆ ಪೈಲಟ್‌ಗೂ ಹೀಗೇ ಆಗುತ್ತದೆ. ವಿಮಾನ ಮೆಲ್ಲಗೆ ಒಂದು ಬದಿಗೆ ವಾಲುತ್ತದೆ. ಮೈಗೆ ಗೊತ್ತಾಗುವುದಿಲ್ಲ. ಎತ್ತರ ಕಡಿಮೆಯಾಗುತ್ತಿರುವುದನ್ನು ನೋಡಿ ಪೈಲಟ್ ಮೂತಿಯನ್ನು ಮೇಲೆಳೆಯುತ್ತಾನೆ. ವಾಲಿದ ವಿಮಾನದಲ್ಲಿ ಹಾಗೆ ಎಳೆದರೆ ಸುತ್ತು ಇನ್ನೂ ಬಿಗಿಯಾಗುತ್ತದೆ. ಸುತ್ತುತ್ತ ಸುತ್ತುತ್ತ ನೆಲಕ್ಕೆ ಬೀಳುವವರೆಗೂ ತಾನು ನೆಟ್ಟಗಿದ್ದೇನೆ ಎಂದೇ ಅವನು ನಂಬಿರುತ್ತಾನೆ. ಟಪಾಲು ಹೊತ್ತು ರಾತ್ರಿ ಹಾರುತ್ತಿದ್ದ ಅಮೆರಿಕದ ಎಷ್ಟೋ ಯುವ ಪೈಲಟ್‌ಗಳು ಮಂಜು ಮತ್ತು ಮೋಡದಲ್ಲಿ ಹೀಗೇ ಸತ್ತರು. ಅವರು ಹೇಡಿಗಳೂ ಅಲ್ಲ, ಅಡ್ಡಾದಿಡ್ಡಿ ಓಡಿಸುವವರೂ ಅಲ್ಲ. ತಮ್ಮ ಮೈಯನ್ನು ನಂಬಿದ್ದರು, ಅಷ್ಟೇ.

ವ್ಯಾಪಾರದಲ್ಲೂ ಇದು ನಡೆಯುತ್ತದೆ. ನಮ್ಮ ಅಬ್ಬಾ ಅಂಗಡಿಯಲ್ಲಿ ದಿನವೆಲ್ಲ ಗಿರಾಕಿಗಳು ತುಂಬಿದ್ದರೆ ಇವತ್ತು ಒಳ್ಳೆಯ ಲಾಭ ಎಂದು ಮನಸ್ಸು ಹೇಳುತ್ತದೆ. ರಾತ್ರಿ ಕೂತು ಉದ್ರಿ, ಖರ್ಚು ಎಲ್ಲ ಬರೆದು ನೋಡಿದರೆ ಪುಸ್ತಕ ಬೇರೆಯೇ ಹೇಳುತ್ತದೆ. ಲೆಕ್ಕಶಾಸ್ತ್ರ ಹುಟ್ಟಿದ್ದೇ ವ್ಯಾಪಾರಿಯ ಮನಸ್ಸನ್ನು ನಂಬಲು ಆಗುವುದಿಲ್ಲ ಎಂಬ ಕಾರಣಕ್ಕೆ ಇರಬೇಕು. ಡೂಲಿಟಲ್ ಕಥೆ ಓದುವಾಗ ನನಗೆ ಇದು ಹೊಳೆಯಿತು.

ಬುಗುರಿಯ ಗುಣ

ಸುಳ್ಳು ಹೇಳದ ವಸ್ತು ಒಂದಿತ್ತು. ಅದು ಬುಗುರಿ. ಜೋರಾಗಿ ತಿರುಗುವ ಬುಗುರಿ ತಾನು ನಿಂತ ದಿಕ್ಕನ್ನು ಬಿಟ್ಟುಕೊಡುವುದಿಲ್ಲ. ಅದನ್ನು ಎಲ್ಲ ಕಡೆಗೂ ಸಡಿಲವಾಗಿ ತಿರುಗಬಲ್ಲ ಬಳೆಗಳೊಳಗೆ ಕೂರಿಸಿದರೆ ಹೊರಗಿನ ಚೌಕಟ್ಟು ಹೇಗೆ ಓಲಾಡಿದರೂ ಒಳಗಿನ ಬುಗುರಿ ಓಲಾಡುವುದಿಲ್ಲ. ಇದನ್ನೇ ಗೈರೋಸ್ಕೋಪ್ ಎನ್ನುತ್ತಾರೆ.

ಅಮೆರಿಕದ ಎಲ್ಮರ್ ಸ್ಪೆರಿ ಮತ್ತು ಅವರ ಮಗ ಲಾರೆನ್ಸ್ ಈ ಗುಣವನ್ನು ವಿಮಾನಕ್ಕೆ ತಂದರು. 1914ರ ಜೂನ್‌ನಲ್ಲಿ ಪ್ಯಾರಿಸ್ ಬಳಿ ಸೀನ್ ನದಿಯ ಮೇಲೆ ಲಾರೆನ್ಸ್ ಎರಡೂ ಕೈ ಮೇಲೆತ್ತಿ ಹಾರಿದರು. ಅವರ ಮೆಕ್ಯಾನಿಕ್ ರೆಕ್ಕೆಯ ಮೇಲೆ ನಡೆದು ಹೋದ. ವಾಲಿದ ವಿಮಾನವನ್ನು ಗೈರೋಸ್ಕೋಪ್ ತಾನೇ ನೆಟ್ಟಗೆ ಮಾಡಿತು. ಅದು ಜಗತ್ತಿನ ಮೊದಲ ಸ್ವಯಂಚಾಲಿತ ಪೈಲಟ್. ಲಾರೆನ್ಸ್ 1923ರ ಡಿಸೆಂಬರ್‌ನಲ್ಲಿ ಇಂಗ್ಲಿಷ್ ಕಾಲುವೆ ದಾಟುವಾಗ ಸಮುದ್ರಕ್ಕೆ ಬಿದ್ದು ತೀರಿಕೊಂಡರು. ಆಗ ಅವರಿಗೆ 31 ತುಂಬಲು ಇನ್ನೂ ಕೆಲವು ದಿನ ಬಾಕಿ ಇತ್ತು. ವಿಮಾನವನ್ನು ನೆಟ್ಟಗಿಡುವ ಯಂತ್ರವೇನೋ ಹುಟ್ಟಿತ್ತು. ಆದರೆ ಏನೂ ಕಾಣದೆ ನೆಲದಿಂದ ಏರಿ, ದಾರಿ ಹಿಡಿದು, ಮತ್ತೆ ನೆಲಕ್ಕೆ ಇಳಿಯುವುದು ಯಾರಿಗೂ ಸಾಧ್ಯವಾಗಿರಲಿಲ್ಲ.

ಮಂಜಿನ ಪ್ರಯೋಗಾಲಯ

ಗುಗೆನ್‌ಹೈಮ್ ಎಂಬ ಶ್ರೀಮಂತ ಮನೆತನ 1926ರಲ್ಲಿ ವಿಮಾನಯಾನದ ಬೆಳವಣಿಗೆಗಾಗಿ 25 ಲಕ್ಷ ಡಾಲರ್‌ಗಳ ನಿಧಿ ತೆರೆದಿತ್ತು. ಅದರ ಮುಖ್ಯಸ್ಥ ಹ್ಯಾರಿ ಗುಗೆನ್‌ಹೈಮ್ ಮಂಜಿನ ಸಮಸ್ಯೆಗೆ ಉತ್ತರ ಹುಡುಕಲು ನ್ಯೂಯಾರ್ಕ್ ಬಳಿಯ ಮಿಚೆಲ್ ಫೀಲ್ಡ್‌ನಲ್ಲಿ ಒಂದು ಪ್ರಯೋಗಾಲಯ ಮಾಡಿದರು. ಹಾರಲೂ ಬರಬೇಕು, ಗಣಿತವೂ ಬರಬೇಕು, ಅಂಥವರು ಬೇಕಾಗಿತ್ತು. 1928ರಲ್ಲಿ ಸೇನೆ ಡೂಲಿಟಲ್ ಅವರನ್ನು ಎರವಲಾಗಿ ಕೊಟ್ಟಿತು.

ಅವರು ಹೊಸದಾಗಿ ಒಂದೇ ದೊಡ್ಡ ಯಂತ್ರ ಕಂಡುಹಿಡಿಯಲಿಲ್ಲ. ಬೇರೆ ಬೇರೆ ಕಡೆ ಇದ್ದ ತುಂಡುಗಳನ್ನು ಒಂದು ಹಲಗೆಯ ಮೇಲೆ ತಂದರು. ಡಯಲ್‌ನಲ್ಲಿ ವಿಮಾನದ ಚಿತ್ರ ಮತ್ತು ದಿಗಂತದ ಗೆರೆ ಇದ್ದರೆ ಪೈಲಟ್‌ಗೆ ಒಂದೇ ನೋಟದಲ್ಲಿ ವಿಷಯ ತಿಳಿಯುತ್ತದೆ ಎಂದು ಅವರು ಯೋಚಿಸಿದರು. ಎಲ್ಮರ್ ಸ್ಪೆರಿಯವರ ಇನ್ನೊಬ್ಬ ಮಗ, ಎಲ್ಮರ್ ಜೂನಿಯರ್, ಆ ಕೃತಕ ದಿಗಂತವನ್ನೂ ದಿಕ್ಕು ತೋರಿಸುವ ಗೈರೋವನ್ನೂ ಮಾಡಿಕೊಟ್ಟರು. ಎತ್ತರ ತೋರಿಸುವ ಆಗಿನ ಮಾಪಕಗಳು ಇಳಿಯುವ ಹೊತ್ತಿಗೆ ನಂಬುವಂತಿರಲಿಲ್ಲ. ಜರ್ಮನಿಯಿಂದ ವಲಸೆ ಬಂದಿದ್ದ ಪಾಲ್ ಕೋಲ್ಸ್‌ಮನ್, ಗಡಿಯಾರದ ಹಲ್ಲುಚಕ್ರಗಳಷ್ಟು ನಾಜೂಕಾದ ಚಕ್ರಗಳನ್ನು ಬಳಸಿ ಕೆಲವೇ ಅಡಿಗಳ ವ್ಯತ್ಯಾಸವನ್ನೂ ತೋರಿಸುವ ಮಾಪಕ ತಯಾರಿಸಿದರು. ಅದನ್ನು ತೊಡೆಯ ಮೇಲೆ ಹಿಡಿದುಕೊಂಡು ತಾವೇ ಡೂಲಿಟಲ್ ಜೊತೆ ಹಾರಿ ಪರೀಕ್ಷೆ ಮಾಡಿಸಿದರು.

ದಾರಿ ತೋರಿಸಲು ನೆಲದ ಮೇಲೆ ರೇಡಿಯೊ ಬೀಕನ್ ಇಟ್ಟರು. ವಿಮಾನದಲ್ಲಿ ಹಾರ್ಮೋನಿಯಂ ಒಳಗಿನ ರೀಡ್‌ನಂಥ ಎರಡು ತೆಳು ಪಟ್ಟಿಗಳಿದ್ದವು. ವಿಮಾನ ಸರಿಯಾದ ದಾರಿಯಲ್ಲಿದ್ದರೆ ಎರಡೂ ಸಮನಾಗಿ ಅದುರುತ್ತಿದ್ದವು. ಪಕ್ಕಕ್ಕೆ ಸರಿದರೆ ಒಂದು ಹೆಚ್ಚು, ಇನ್ನೊಂದು ಕಡಿಮೆ.

ಈ ಕೆಲಸದ ಅವಧಿಯಲ್ಲೇ 1929ರ ಒಂದು ರಾತ್ರಿ ಅವರು ಇಷ್ಟೆಲ್ಲ ಉಪಕರಣಗಳಿಲ್ಲದ ಇನ್ನೊಂದು ವಿಮಾನದಲ್ಲಿ ಬಫಲೋದಿಂದ ಹಿಂದಿರುಗುತ್ತಿದ್ದರು. ಎಲ್ಲ ಕಡೆ ಮಂಜು ಕವಿಯಿತು, ಇಳಿಯಲು ಜಾಗ ಕಾಣಲಿಲ್ಲ, ಇಂಧನ ಮುಗಿಯುತ್ತಾ ಬಂತು. ಕೊನೆಗೆ ನ್ಯೂಜೆರ್ಸಿಯಲ್ಲಿ ರೆಕ್ಕೆಯನ್ನು ಮರಕ್ಕೆ ಹೊಡೆಸಿ ವಿಮಾನ ನಿಲ್ಲಿಸಿದರು. ವಿಮಾನ ಪುಡಿಯಾಯಿತು, ಅವರು ಎದ್ದು ನಡೆದು ಬಂದರು. ದೇಶದ ಅತ್ಯುತ್ತಮ ಪೈಲಟ್‌ಗಳಲ್ಲಿ ಒಬ್ಬರಾದ ಅವರಿಗೇ ಹೀಗಾದರೆ ಉಳಿದವರ ಪಾಡೇನು?

ಆ 15 ನಿಮಿಷ

1929ರ ಸೆಪ್ಟೆಂಬರ್ 24ರ ಬೆಳಗ್ಗೆ ಮಿಚೆಲ್ ಫೀಲ್ಡ್‌ನಲ್ಲಿ ದಟ್ಟವಾದ ಮಂಜು. ದೊಡ್ಡ ಒಲೆಯಿಂದ ಬಿಸಿಗಾಳಿ ಊದಿ ಮಂಜು ಕರಗಿಸುತ್ತೇನೆ ಎಂದು ಒಬ್ಬರು ಬಂದಿದ್ದರು. ಒಲೆ ಹೊತ್ತಿಸಿದರೂ ಮಂಜು ಕರಗಲಿಲ್ಲ. ಹೇಗೂ ಮಂಜಿದೆಯಲ್ಲ ಎಂದು ಡೂಲಿಟಲ್ ತಮ್ಮ ಎನ್‌ವೈ-2 ತರಬೇತಿ ವಿಮಾನ ಹತ್ತಿದರು. ಒಬ್ಬರೇ ಆ ಮಂಜಿನೊಳಗೆ ಏರಿ, ಸುತ್ತಿ, ಮುಳ್ಳುಗಳನ್ನೇ ನೋಡಿಕೊಂಡು ಇಳಿದರು.

ಸುದ್ದಿ ತಿಳಿದು ಹ್ಯಾರಿ ಗುಗೆನ್‌ಹೈಮ್ ಬಂದರು. ಅಷ್ಟರಲ್ಲಿ ಮಂಜು ತೆಳುವಾಗಿತ್ತು. ಆದ್ದರಿಂದ ಹಿಂದಿನ ಸೀಟಿನಲ್ಲಿ ಕುಳಿತ ಡೂಲಿಟಲ್ ತಲೆಯ ಮೇಲೆ ಕ್ಯಾನ್ವಾಸ್ ಮುಸುಕು ಎಳೆದು ಮುಚ್ಚಿದರು. ಅವರಿಗೆ ಕಾಣುತ್ತಿದ್ದದ್ದು ಡಯಲ್‌ಗಳು ಮಾತ್ರ. ಬೇರೆ ವಿಮಾನ ಅಡ್ಡ ಬಂದರೆ ಇರಲಿ ಎಂದು ಮುಂದಿನ ಸೀಟಿನಲ್ಲಿ ಲೆಫ್ಟಿನೆಂಟ್ ಬೆಂಜಮಿನ್ ಕೆಲ್ಸಿಯವರನ್ನು ಕೂರಿಸಿದರು. ತಾನು ವಿಮಾನವನ್ನು ಮುಟ್ಟುತ್ತಿಲ್ಲ ಎಂದು ಕೆಳಗಿದ್ದವರಿಗೆ ಕಾಣಲಿ ಎಂದು ಕೆಲ್ಸಿ ಕೈಗಳನ್ನು ಹೊರಗೇ ಇಟ್ಟುಕೊಂಡಿದ್ದರು.

ವಿಮಾನ ಓಡಿತು, ಏರಿತು, ತಿರುಗಿತು, ಬೀಕನ್ ದಾರಿ ಹಿಡಿದು ಹಿಂದೆ ಬಂತು, ಒಂದೇ ಇಳಿಜಾರಿನಲ್ಲಿ ಕೆಳಗಿಳಿದು ನೆಲ ಮುಟ್ಟಿತು. ಇಳಿದದ್ದು ಅಷ್ಟೇನೂ ನಯವಾಗಿರಲಿಲ್ಲವಂತೆ. ಆದರೆ ಏರುವುದರಿಂದ ಇಳಿಯುವವರೆಗೆ ಹೊರಗೆ ಒಮ್ಮೆಯೂ ನೋಡದೆ ಮಾಡಿದ ಮೊದಲ ಹಾರಾಟ ಮುಗಿದಿತ್ತು. ಎಲ್ಲ ಸೇರಿ 15 ನಿಮಿಷ.

ನಮ್ಮ ದಾದಿ ಹಜ್ ಮುಗಿಸಿ ಬಂದಾಗ ಮನೆಯವರೆಲ್ಲ ಮಕ್ಕಾ, ಮದೀನಾ ಬಗ್ಗೆ ಕೇಳಿದರು. ದಾದಿ ಎಲ್ಲ ಹೇಳಿದ ಮೇಲೆ ಒಂದು ಪ್ರಶ್ನೆ ಕೇಳಿದರು. ಕಿಟಕಿಯ ಹೊರಗೆ ಗಂಟೆಗಟ್ಟಲೆ ಬಿಳಿ ಮೋಡ, ಆಮೇಲೆ ಬರೀ ಕತ್ತಲು. ವಿಮಾನದವನಿಗೆ ದಾರಿ ಯಾರು ತೋರಿಸಿದರು? ಆಗ ಯಾರಿಗೂ ಸರಿಯಾಗಿ ಉತ್ತರ ಗೊತ್ತಿರಲಿಲ್ಲ. ಒಂಟೆಯನ್ನು ಮೊದಲು ಕಟ್ಟಿಹಾಕಿ ಆಮೇಲೆ ಅಲ್ಲಾಹನ ಮೇಲೆ ಭರವಸೆ ಇಡಬೇಕೆಂಬ ಹದೀಸ್‌ನ ಅರ್ಥವನ್ನು ನಮ್ಮ ದೀನಿಯಾತ್ ತರಗತಿಯಲ್ಲಿ ಕೇಳಿದ್ದೇವೆ. ದಾದಿ ಕೂತಿದ್ದ ವಿಮಾನದಲ್ಲಿ ಒಂಟೆ ಕಟ್ಟಿದವರು ಇಂಥವರೇ.

ನಾಡಿಯಿಂದ ಕೈಗೆ

ಮುಳ್ಳು ತೋರಿಸಿದ್ದನ್ನು ನೋಡಿ ಪೈಲಟ್ ಕೈ ಆಡಿಸುತ್ತಾನೆ. ಹಾಗಾದರೆ ನಡುವೆ ಪೈಲಟ್ ಏಕೆ? ಬುಗುರಿ ತೋರಿಸುವ ತಪ್ಪನ್ನು ನೇರವಾಗಿ ಚುಕ್ಕಾಣಿಗೆ ಜೋಡಿಸಿದರೆ ಯಂತ್ರವೇ ಸರಿಪಡಿಸುತ್ತದಲ್ಲ? ಸ್ಪೆರಿ ಕಂಪನಿ ಅದನ್ನೇ ಮಾಡಿತು. ಕೃತಕ ದಿಗಂತ ಮತ್ತು ದಿಕ್ಕಿನ ಗೈರೋ ಎರಡನ್ನೂ ಸೇರಿಸಿ ಹೊಸ ಸ್ವಯಂಚಾಲಿತ ಪೈಲಟ್ ತಂದಿತು. 1933ರ ಜುಲೈನಲ್ಲಿ ಒಂದೇ ಕಣ್ಣಿದ್ದ ವೈಲಿ ಪೋಸ್ಟ್ ಅದರ ನೆರವಿನಿಂದ 7 ದಿನ 18 ಗಂಟೆ 49 ನಿಮಿಷಗಳಲ್ಲಿ ಒಬ್ಬರೇ ಭೂಮಿಯನ್ನು ಸುತ್ತಿ ಬಂದರು.

ಇಂದಿನ ರೋಬೋಟ್‌ಗಳ ಮೂಲ ಪಾಠವೂ ಇದೇ: ಅಳೆ, ಬೇಕಾದುದಕ್ಕೆ ಹೋಲಿಸು, ವ್ಯತ್ಯಾಸವನ್ನು ಸರಿಪಡಿಸು, ಮತ್ತೆ ಅಳೆ. ಮದುವೆ ಮನೆಯಲ್ಲಿ ವಿಡಿಯೊ ತೆಗೆಯುವ ಡ್ರೋನ್ ಗಾಳಿ ಬೀಸಿದರೂ ನೆಟ್ಟಗೆ ನಿಲ್ಲುವುದು ಹೀಗೆ. ಫೋನ್ ಅಡ್ಡ ತಿರುಗಿಸಿದರೆ ಅದಕ್ಕೆ ತಿಳಿಯುವುದೂ ಅಕ್ಕಿಕಾಳಿಗಿಂತ ಸಣ್ಣ ಸಂವೇದಕಗಳಿಂದ.

1930ರಲ್ಲಿ ಡೂಲಿಟಲ್ ಸೇನೆಯ ಕಾಯಂ ನೌಕರಿ ಬಿಟ್ಟು ಶೆಲ್ ಕಂಪನಿ ಸೇರಿದರು. ಅಲ್ಲಿ 100 ಆಕ್ಟೇನ್ ವಿಮಾನ ಇಂಧನ ತಯಾರಿಸಲು ಒತ್ತಾಯಿಸಿದರು. ಆಗ ಅದನ್ನು ಕೊಳ್ಳುವವರೇ ಇರಲಿಲ್ಲ. ಮುಂದೆ ಎರಡನೇ ಮಹಾಯುದ್ಧದಲ್ಲಿ ಅದಿಲ್ಲದೆ ನಡೆಯಲಿಲ್ಲ. 1932ರಲ್ಲಿ ಅಪಾಯಕಾರಿ ಎಂದು ಹೆಸರಾದ ಜೀ ಬೀ ವಿಮಾನದಲ್ಲಿ ಥಾಂಪ್ಸನ್ ಟ್ರೋಫಿ ಗೆದ್ದು, ಇನ್ನು ಸಾಕು ಎಂದು ರೇಸ್‌ಗಳನ್ನೇ ಬಿಟ್ಟುಬಿಟ್ಟರು.

ನೆಲದಲ್ಲಿ ಬೀಕನ್ ಇರಲಿಲ್ಲ

1942ರ ಏಪ್ರಿಲ್ 18ರಂದು ಅವರ ನಾಯಕತ್ವದಲ್ಲಿ 16 ಬಿ-25 ಬಾಂಬರ್‌ಗಳು, 80 ಜನ, ಹಾರ್ನೆಟ್ ಹಡಗಿನಿಂದ ಹಾರಿ ಜಪಾನ್ ಮೇಲೆ ದಾಳಿ ಮಾಡಿದರು. ಈ ಯುದ್ಧದ ಕಥೆ ಸಿನಿಮಾದಲ್ಲಿದೆ, ನಾನು ಉದ್ದ ಮಾಡುವುದಿಲ್ಲ. ನನ್ನ ವಿಷಯಕ್ಕೆ ಬೇಕಾದ ಮೂರು ಸಂಗತಿ ಮಾತ್ರ ಹೇಳುತ್ತೇನೆ.

ಮೊದಲನೆಯದು, ಆ ವಿಮಾನಗಳಿಂದ ದುಬಾರಿ ಮತ್ತು ರಹಸ್ಯವಾದ ನಾರ್ಡನ್ ಗುರಿಯಂತ್ರವನ್ನು ತೆಗೆದುಹಾಕಿದ್ದರು. ಕೆಳಮಟ್ಟದ ಹಾರಾಟಕ್ಕೆ ಅದು ಪ್ರಯೋಜನವಿಲ್ಲ, ಶತ್ರುವಿನ ಕೈಗೂ ಸಿಗಬಾರದು. ಬದಲಿಗೆ ಸುಮಾರು 20 ಸೆಂಟ್ ಖರ್ಚಿನಲ್ಲಿ ಮಾಡಿದ ಸರಳ ಉಪಕರಣ ಹಾಕಿದರು. ಯಂತ್ರವನ್ನು ನಂಬುವುದೆಂದರೆ ದೊಡ್ಡ ಯಂತ್ರವನ್ನೇ ನಂಬುವುದಲ್ಲ.

ಎರಡನೆಯದು, ದಾಳಿಯ ನಂತರ ಅವರು ಚೀನಾದಲ್ಲಿ ಇಳಿಯಬೇಕಿತ್ತು. ರಾತ್ರಿ, ಮಳೆ, ಮೋಡ. ಅಲ್ಲಿ ಇರಬೇಕಾಗಿದ್ದ ರೇಡಿಯೊ ಬೀಕನ್ ತಲುಪಿರಲೇ ಇಲ್ಲ. ವಿಮಾನದೊಳಗೆ ಎಲ್ಲ ಮುಳ್ಳುಗಳೂ ಸರಿಯಾಗಿದ್ದವು, ಆದರೆ ನೆಲದಿಂದ ಉತ್ತರ ಕೊಡುವವರು ಇರಲಿಲ್ಲ. ಇಂಧನ ಮುಗಿದಾಗ ಡೂಲಿಟಲ್ ವಿಮಾನವನ್ನು ಸ್ವಯಂಚಾಲಿತ ಪೈಲಟ್‌ಗೆ ಒಪ್ಪಿಸಿ, ಜೊತೆಗಾರರನ್ನು ಮೊದಲು ಇಳಿಸಿ, ಕೊನೆಗೆ ತಾವೂ ಪ್ಯಾರಾಚೂಟ್ ಕಟ್ಟಿಕೊಂಡು ಧುಮುಕಿದರು. ಬಿದ್ದದ್ದು ಗೊಬ್ಬರ ತುಂಬಿದ ಭತ್ತದ ಗದ್ದೆಗೆ. ಒಂದು ವಿಮಾನ ರಷ್ಯಾದಲ್ಲಿ ಇಳಿಯಿತು, ಉಳಿದ 15 ನಾಶವಾದವು. ತಮ್ಮ ಮೇಲೆ ವಿಚಾರಣೆ ನಡೆಯುತ್ತದೆ ಎಂದು ಅವರು ಅಂದುಕೊಂಡಿದ್ದರು. ಸಿಕ್ಕಿದ್ದು ದೇಶದ ಅತ್ಯುನ್ನತ ಶೌರ್ಯ ಪದಕ.

ಮೂರನೆಯದು, ಅವರನ್ನು ಕಾಪಾಡಿದವರು ಚೀನಾದ ಹಳ್ಳಿಗಳ ಸಾಮಾನ್ಯ ಜನ. ಅದಕ್ಕಾಗಿ ಜಪಾನ್ ಸೇನೆ ಆ ಪ್ರಾಂತ್ಯಗಳ ಮೇಲೆ ಸೇಡು ತೀರಿಸಿಕೊಂಡು ಸಾವಿರಾರು ಜನರನ್ನು ಕೊಂದಿತು. ಡೂಲಿಟಲ್ ಅವರನ್ನು ಹೊಗಳುವ ಬರಹಗಳಲ್ಲಿ ಈ ವಿಷಯ ಎಷ್ಟೋ ಸಲ ಒಂದು ಸಾಲಿನಲ್ಲಿ ಮುಗಿದುಹೋಗುತ್ತದೆ. ಬಾಂಬ್ ಹಾಕುವ ವಿಮಾನಕ್ಕೂ ಹಾಜಿಗಳನ್ನು ಕರೆದೊಯ್ಯುವ ವಿಮಾನಕ್ಕೂ ಒಂದೇ ಬುಗುರಿ ದಾರಿ ತೋರಿಸುತ್ತದೆ. ಎಲ್ಲಿಗೆ ಹೋಗಬೇಕೆಂದು ಬುಗುರಿ ಹೇಳುವುದಿಲ್ಲ. ಅದು ಮನುಷ್ಯನ ಲೆಕ್ಕಕ್ಕೇ ಬರುತ್ತದೆ.

ನಮಗೆ ಇದರಲ್ಲಿ ಏನಿದೆ?

ಯುದ್ಧದ ನಂತರ ಡೂಲಿಟಲ್ ವಿಮಾನ ಸಂಶೋಧನೆಯ ರಾಷ್ಟ್ರೀಯ ಸಮಿತಿಯ ಅಧ್ಯಕ್ಷರಾಗಿ ದುಡಿದರು. ಆ ಸಮಿತಿಯೇ 1958ರಲ್ಲಿ ನಾಸಾ ಆಯಿತು. 71 ವರ್ಷ ಜೊತೆಗಿದ್ದ ಜೋ 1988ರ ಡಿಸೆಂಬರ್ 24ರಂದು, ಅವರ ಮದುವೆಯ ದಿನದಂದೇ ತೀರಿಕೊಂಡರು. ಡೂಲಿಟಲ್ 1993ರ ಸೆಪ್ಟೆಂಬರ್ 27ರಂದು, 96ನೇ ವಯಸ್ಸಿನಲ್ಲಿ ಕಣ್ಣುಮುಚ್ಚಿದರು.

ಕಂಪ್ಯೂಟರ್ ಎಲ್ಲ ಲೆಕ್ಕ ಬರೆದರೆ ಮುಂದೆ ಬಿ.ಕಾಂ. ಓದಿ ಏನು ಮಾಡುತ್ತೀಯ ಎಂದು ನಮ್ಮ ತರಗತಿಯ ಅನೇಕರನ್ನು ಮನೆಯವರು, ನೆಂಟರು ಕೇಳುತ್ತಾರೆ. ನನ್ನನ್ನೂ ಕೇಳಿದ್ದಾರೆ. ಭಯ ನಿಜವಾದದ್ದು. ಬೇರೆಯವರಿಗೆ ಬಾರದ ಹಾರಾಟ ಡೂಲಿಟಲ್ ಕೈಯಲ್ಲಿತ್ತು, ಅದೇ ಅವರ ಅನ್ನ. ಆ ಕೈಚಳಕದ ಅಗತ್ಯವನ್ನು ಕಡಿಮೆ ಮಾಡುವ ಯಂತ್ರಕ್ಕಾಗಿ ಅವರೇ ದುಡಿದರು. ಹೊಸ ಯಂತ್ರ ಬಂದಾಗ ದೂರ ನಿಂತು ಬೈಯಲಿಲ್ಲ. ಮುಸುಕು ಎಳೆದುಕೊಂಡು ಅದರ ಮುಂದೆ ಕುಳಿತು, ಎಲ್ಲಿ ನಂಬಬಹುದು, ಎಲ್ಲಿ ನಂಬಬಾರದು ಎಂದು ಒಂದೊಂದೇ ಮುಳ್ಳನ್ನು ಪರೀಕ್ಷಿಸಿದರು. ಅದಕ್ಕಾಗಿ 26ನೇ ವಯಸ್ಸಿನಲ್ಲಿ ಮತ್ತೆ ಪುಸ್ತಕ ಹಿಡಿದರು.

ನಮಗಿನ್ನೂ ಹದಿನೇಳು. ಪುಸ್ತಕ ಕೈಯಲ್ಲೇ ಇದೆ. ಲೆಕ್ಕ ಬರೆಯುವ ಯಂತ್ರ ಬಂದರೆ ಬರಲಿ. ಅದು ತೋರಿಸುವ ಅಂಕಿ ಸರಿಯೋ ತಪ್ಪೋ ಎಂದು ಹೇಳಬಲ್ಲವರಾಗಿ ನಾವು ಅದರ ಪಕ್ಕದಲ್ಲಿ ಕೂತಿರಬೇಕು. ಅದಕ್ಕೆ ಬೇಕಾದಷ್ಟನ್ನು ಈ ಎರಡು ವರ್ಷಗಳಲ್ಲಿ ಕಲಿತುಕೊಳ್ಳೋಣ.